ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟ ತಮ್ಮಂದಿರಿಗೆ, ತಂಗಿಯರಿಗೆ: ಸಿಲ್ಲೋಡಿನಿಂದ ಒಂದು ಬಹಿರಂಗ ಪತ್ರ



ನಾನು ಬೀದರ್ ಕಡೆಯವನು. ಕೆಲಸ ಹುಡುಕಿಕೊಂಡು ಮಹಾರಾಷ್ಟ್ರಕ್ಕೆ ಬಂದು, ವಾಳೂಜಿನ ಕಾರ್ಖಾನೆಗಳ ಸುತ್ತಮುತ್ತ ವೈರಿಂಗ್ ಕಲಿತು, ಈಗ ಸಿಲ್ಲೋಡಿನಲ್ಲಿ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದೇನೆ. ಛತ್ರಪತಿ ಸಂಭಾಜಿನಗರದಿಂದ ಅಜಂತಾ ದಾಟಿ ಜಳಗಾಂವ್‌ಗೆ ಹೋಗುವ ಹೆದ್ದಾರಿಯ ಮೇಲಿದೆ ಈ ಊರು. ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಯ ಪೇಟೆ. ಟ್ರ್ಯಾಕ್ಟರಿನ ಸ್ಟಾರ್ಟರ್, ಪಿಕಪ್ ಗಾಡಿಯ ಹೆಡ್‌ಲೈಟು ನನ್ನ ದಿನನಿತ್ಯದ ಕೆಲಸ. ರಜೆ ಬಂತೆಂದರೆ ಅಜಂತಾ ನೋಡಲು ಹೊರಟ ಕೆಎ ನಂಬರಿನ ಕಾರುಗಳೂ ಅಂಗಡಿಯ ಮುಂದೆ ನಿಲ್ಲುತ್ತವೆ. ಕಲಬುರಗಿ, ವಿಜಯಪುರ, ಬೀದರ್, ಒಮ್ಮೊಮ್ಮೆ ದೂರದ ಬೆಂಗಳೂರು. ಬೋರ್ಡಿನ ಮೂಲೆಯಲ್ಲಿ ಕನ್ನಡದ ಎರಡು ಸಾಲು ಕಂಡು ನೀವು ಗಾಡಿ ನಿಲ್ಲಿಸುತ್ತೀರಿ, ಚಹಾ ಕುಡಿಯುತ್ತೀರಿ, ಮಾತಾಡುತ್ತೀರಿ. ಆ ಮಾತುಗಳಲ್ಲಿ ಪದೇಪದೇ ಬರುವ ಒಂದು ಪ್ರಶ್ನೆಗೆ ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯಬೇಕೆನ್ನಿಸಿ ಈ ಪತ್ರ. “ಕಾಕಾ, ಸೆಕೆಂಡ್ ಹ್ಯಾಂಡ್ ರಿಮೋಟ್ ಕೀ ಒಂದು ಸಿಕ್ಕದ, ನಮ್ಮ ಗಾಡಿಗಿ ಪ್ರೋಗ್ರಾಂ ಮಾಡಿ ಕೊಡ್ತೀರೇನು?”

ಕೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವರು. ಮೊದಲ ನೌಕರಿಯಲ್ಲಿ ನಾಲ್ಕು ಕಾಸು ಉಳಿಸಿ, ಹತ್ತು ಹದಿನೈದು ವರ್ಷ ಹಳೆಯದಾದ, ಆದರೆ ಎಂಜಿನ್ನಿನ ಸದ್ದು ಕೇಳಿದರೆ ಎದೆ ಅರಳುವಂಥ ಕಾರು ಕೊಂಡವರು. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಥ ಗಾಡಿಗಳ ಕಥೆಗೆ ಈ ಜಿಲ್ಲೆಯೂ ಸೇರಿದೆ. 2001ರಲ್ಲಿ ಇಲ್ಲಿಯ ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆ ಆಕ್ಟೇವಿಯಾ ಜೋಡಿಸಲು ಶುರುಮಾಡಿತು. ಅದೇ ಆಕ್ಟೇವಿಯಾದ ಆರ್‌ಎಸ್ ಮಾದರಿ 2004ರಲ್ಲಿ ಭಾರತದ ರಸ್ತೆಗಿಳಿಯಿತು. 1.8 ಲೀಟರಿನ ಟರ್ಬೋ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ; ಆ ಕಾಲಕ್ಕೆ ಅದೊಂದು ಬೆರಗು. 2017ರಲ್ಲಿ 230 ಅಶ್ವಶಕ್ತಿಯ ಆರ್‌ಎಸ್ ಬಂತು. ಇನ್ನು 2010ರ ಅಕ್ಟೋಬರಿನಲ್ಲಿ, ಆಗಿನ್ನೂ ಔರಂಗಾಬಾದ್ ಎನ್ನಿಸಿಕೊಂಡಿದ್ದ ಸಂಭಾಜಿನಗರದ ಉದ್ಯಮಿಗಳು, ವೈದ್ಯರು ಗುಂಪುಗೂಡಿ ಒಂದೇ ದಿನ 150 ಮರ್ಸಿಡಿಸ್ ಕಾರು ಕೊಂಡದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಒಟ್ಟು ಬೆಲೆ ಸುಮಾರು ₹65 ಕೋಟಿ ಎಂದು ಪತ್ರಿಕೆಗಳು ಬರೆದವು. ಆ ವಯಸ್ಸಿನ ಗಾಡಿಗಳು ಈಗ ನಿಮ್ಮ ಕೈಗೆಟುಕುವ ಬೆಲೆಗೆ ಇಳಿದಿವೆ. ಮೂರನೆಯ, ನಾಲ್ಕನೆಯ ಮಾಲೀಕರ ಕೈಯಿಂದ ನಿಮ್ಮ ಕೈಗೆ ಬರುವಾಗ ಹೆಚ್ಚಿನವು ಒಂದೇ ಒಂದು ಕೀ ಜೊತೆ ಬರುತ್ತವೆ. ಎರಡನೆಯದು ಎಲ್ಲಿ ಎಂದರೆ “ಮನೆಯಲ್ಲೆಲ್ಲೋ ಇದೆ, ಸಿಕ್ಕಿದರೆ ಕೊರಿಯರ್ ಮಾಡ್ತೇನೆ” ಎನ್ನುವ ಮಾತು. ನೀವು ಅದನ್ನು ನಂಬಿ ದುಡ್ಡು ಎಣಿಸಿ ಕೊಡುತ್ತೀರಿ.

ಆಮೇಲೆ ಶುರುವಾಗುತ್ತದೆ ಅಗ್ಗದ ಕೀ ಹುಡುಕಾಟ. ಅಧಿಕೃತ ಕೀ ದುಬಾರಿ, ತರಿಸಲು ವಾರಗಟ್ಟಲೆ ಕಾಯಬೇಕು. ಗುಜರಿಗೆ ಬಿದ್ದ ಕಾರಿನಿಂದ ಬಿಚ್ಚಿದ ರಿಮೋಟು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ನೋಡಲು ಒಂದೇ ಥರ, ಮೇಲೆ ಅದೇ ಲಾಂಛನ, ಅವೇ ಮೂರು ಗುಂಡಿ. ಒಳಗಿರುವುದು ಮಾತ್ರ ಬೇರೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಕೀಯೊಂದರಲ್ಲಿ ಮೂರು ವಸ್ತುಗಳಿವೆ. ಮೊದಲನೆಯದು ಲೋಹದ ಬ್ಲೇಡು. ಅದು ಬಾಗಿಲನ್ನೂ ಸ್ಟಿಯರಿಂಗ್ ಬೀಗವನ್ನೂ ತಿರುಗಿಸುತ್ತದೆ. ಎರಡನೆಯದು ಗುಂಡಿ ಒತ್ತಿದಾಗ ಕೆಲಸ ಮಾಡುವ ರಿಮೋಟ್ ಬೋರ್ಡು. ಇದಕ್ಕೆ ಬ್ಯಾಟರಿ ಬೇಕು. ಮೂರನೆಯದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ಪು. ಇದಕ್ಕೆ ಬ್ಯಾಟರಿಯೇ ಬೇಡ. ಇಗ್ನಿಷನ್ ಬೀಗದ ಸುತ್ತ ಇರುವ ತಂತಿಯ ಸುರುಳಿ 125 ಕಿಲೋಹರ್ಟ್ಸ್‌ನಲ್ಲಿ ಶಕ್ತಿ ಹರಿಸಿದಾಗ ಚಿಪ್ಪು ಎಚ್ಚರಗೊಳ್ಳುತ್ತದೆ. ಕಾರು ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ, ಚಿಪ್ಪು ತನ್ನೊಳಗಿನ ಗುಟ್ಟಿನ ಅಂಕಿ ಸೇರಿಸಿ ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಉತ್ತರ ಸರಿಯಿದ್ದರೆ ಎಂಜಿನ್ ಓಡುತ್ತದೆ. ತಪ್ಪಿದ್ದರೆ, ಹಳೆಯ ಆಕ್ಟೇವಿಯಾದಂಥ ಗಾಡಿಗಳಲ್ಲಿ, ಎಂಜಿನ್ ಹೊತ್ತಿಕೊಂಡು ಒಂದೆರಡು ಸೆಕೆಂಡಿನಲ್ಲಿ ಆರಿಹೋಗುತ್ತದೆ, ಮೀಟರಿನಲ್ಲಿ ಕೀಯ ಚಿತ್ರ ಮಿಟುಕುತ್ತದೆ. ಪೆಟ್ರೋಲ್ ಪಂಪ್ ಕೆಟ್ಟಿದೆ ಎಂದುಕೊಂಡು ಪಂಪು ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಈ ಚಿಪ್ಪಿನಲ್ಲೇ ಇದೆ ಸೆಕೆಂಡ್ ಹ್ಯಾಂಡ್ ಕೀಯ ತೊಡಕು. ಫೋಕ್ಸ್‌ವ್ಯಾಗನ್ ಬಳಗದ ಮೂರನೆಯ ತಲೆಮಾರಿನ ಇಮ್ಮೊಬಿಲೈಸರ್ (ಹೀಗೆ ಕೀ ಪರೀಕ್ಷಿಸುವ ವ್ಯವಸ್ಥೆ) ಇರುವ ಕಾರುಗಳಲ್ಲಿ, ಅಂದರೆ ಸ್ಕೋಡಾ, ಆಡಿ, ಫೋಕ್ಸ್‌ವ್ಯಾಗನ್‌ಗಳಲ್ಲಿ, ಕೀಯನ್ನು ಒಮ್ಮೆ ಒಂದು ಕಾರಿಗೆ ಹೊಂದಿಸಿದರೆ ಚಿಪ್ಪು ಆ ಕಾರಿನ ಹೆಸರಿಗೆ ಹಚ್ಚೆ ಹೊಯ್ಯಿಸಿಕೊಂಡಂತೆ ಬೀಗಗೊಳ್ಳುತ್ತದೆ. ಬೇರೆ ಕಾರು ಅದನ್ನು ಒಪ್ಪುವುದಿಲ್ಲ. 2010ರ ಸುತ್ತಿನ ಮರ್ಸಿಡಿಸ್ ಕೀಗಳಲ್ಲಿ ಕೆಲವನ್ನು ವಿಶೇಷ ಸಲಕರಣೆಯಿಂದ ಅಳಿಸಿ ಮತ್ತೆ ಬರೆಯಬಹುದು. ಅದಾದ ಮೇಲಿನ ತಲೆಮಾರಿನವಕ್ಕೆ ಕಂಪನಿಯಿಂದಲೇ ಕೀ ಬರಬೇಕು. ಟೊಯೋಟಾದ ಸ್ಮಾರ್ಟ್ ಕೀಗಳೂ ಹಾಗೆ, ಒಮ್ಮೆ ಸೇರಿಸಿದವು ತಾವಾಗಿ ಹೊಸದಾಗುವುದಿಲ್ಲ. 2017ರ ಆರ್‌ಎಸ್‌ನಂಥ ಗಾಡಿಗಾದರೆ ಅಧಿಕೃತ ದಾರಿಯೇ ಬೇರೆ: ಕೀ ನಿಮ್ಮ ಗಾಡಿಯ ಚಾಸಿ ನಂಬರಿಗೆ ತಯಾರಾಗಿ ಬರುತ್ತದೆ, ಕಂಪನಿಯ ಸರ್ವರಿನ ಅನುಮತಿಯಿಂದ ಸೇರುತ್ತದೆ. ಅಂಥ ಗಾಡಿಗೆ ಹಳೆಯ ಕೀ ಹುಡುಕುವ ಶ್ರಮವೇ ಬೇಡ.

ರಿಮೋಟ್ ಬೋರ್ಡಿನದು ಬೇರೆ ಕಥೆ. ಯುರೋಪಿಗೂ ನಮ್ಮ ದೇಶಕ್ಕೂ ಬರುವ ಹೆಚ್ಚಿನ ರಿಮೋಟುಗಳು 433 ಮೆಗಾಹರ್ಟ್ಸ್‌ನವು. ಅಮೆರಿಕದ, ಜಪಾನಿನ ಗಾಡಿಗಳವು ಸಾಮಾನ್ಯವಾಗಿ 315ರವು. ಹೊರನೋಟದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಪ್ರೀತಿಯಿಂದ ಕಳಿಸಿದ ರಿಮೋಟು ಇಲ್ಲಿಯ ಕಾರಿಗೆ ಎಷ್ಟು ಒತ್ತಿದರೂ ಕೇಳಿಸುವುದಿಲ್ಲ. ಆದ್ದರಿಂದ ಹಿಂಬದಿಯ ಪಾರ್ಟ್ ನಂಬರು ನೋಡದೆ ಯಾವ ರಿಮೋಟಿಗೂ ದುಡ್ಡು ಕೊಡಬೇಡಿ.

ಹಾಗಾದರೆ ಸೆಕೆಂಡ್ ಹ್ಯಾಂಡ್ ಕೀ ಪೂರ್ತಿ ವ್ಯರ್ಥವೇ? ಅಲ್ಲ. ಹಳೆಯ ಆಕ್ಟೇವಿಯಾದಂಥ ಗಾಡಿಗೆ ಹೊಂದುವ ರಿಮೋಟು ಸಿಕ್ಕರೆ ಅದರ ಮೈ, ಗುಂಡಿ, ಬೋರ್ಡು ಉಳಿಸಿಕೊಂಡು, ಹಳೆಯ ಚಿಪ್ಪು ತೆಗೆದು ಹೊಸದನ್ನು ಕೂರಿಸಿ, ನಿಮ್ಮ ಗಾಡಿಯ ಬೀಗಕ್ಕೆ ತಕ್ಕಂತೆ ಹೊಸ ಬ್ಲೇಡು ಕತ್ತರಿಸಿ, ಆಮೇಲೆ ಕಾರಿನ ಗುಪ್ತ ಕೋಡ್ ಕೊಟ್ಟು ಚಿಪ್ಪನ್ನು ಸೇರಿಸಬಹುದು. ರಿಮೋಟನ್ನು ಬೇರೆಯಾಗಿ ಬಾಗಿಲಿನ ಘಟಕಕ್ಕೆ ಕಲಿಸಬೇಕು. ಕೆಲಸ ಬಲ್ಲವರಿಗೆ ಇದು ಸಾಧ್ಯ, ನಾನೂ ಮಾಡಿಕೊಡುತ್ತೇನೆ. ಆದರೆ ಇದಕ್ಕೆ ಕೋಡ್ ಬೇಕು, ಕಾರು ನಿಮ್ಮದೆನ್ನುವ ಕಾಗದ ಬೇಕು, ಮತ್ತು ನಿಮ್ಮ ಬಳಿ ಇರುವ ಎಲ್ಲ ಕೀಗಳೂ ಆ ಹೊತ್ತಿಗೆ ಟೇಬಲ್ ಮೇಲಿರಬೇಕು.

ಈ ಕೊನೆಯ ಮಾತಿಗಾಗಿಯೇ ನಾನು ಇಷ್ಟು ಬರೆಯುತ್ತಿರುವುದು.

ಫೋಕ್ಸ್‌ವ್ಯಾಗನ್ ಬಳಗದ ಈ ಕಾರುಗಳಲ್ಲಿ ಕೀ ಸೇರಿಸುವಾಗ ಕಾರಿನ ನೆನಪಿನಲ್ಲಿರುವ ಕೀಗಳ ಹಳೆಯ ಪಟ್ಟಿ ಅಳಿದು ಹೊಸ ಪಟ್ಟಿ ಬರೆಯಲ್ಪಡುತ್ತದೆ. ಆ ಸಮಯದಲ್ಲಿ ಮುಂದೆ ಇಟ್ಟ ಕೀಗಳು ಮಾತ್ರ ಒಳಗೆ. ಇಡದೇ ಹೋದವು ಹೊರಗೆ, ಅವುಗಳಿಂದ ಎಂಜಿನ್ ಮತ್ತೆ ಓಡುವುದಿಲ್ಲ. ಎಷ್ಟು ಕೀ ಸೇರಿವೆ ಎಂಬ ಲೆಕ್ಕವನ್ನು ಸ್ಕ್ಯಾನರ್ ಜೋಡಿಸಿ ಅಲ್ಲೇ ಓದಬಹುದು. ಇದನ್ನು ತಿಳಿದ ಮೇಲೆ ಒಮ್ಮೆ ಯೋಚಿಸಿ. ನೀವು ಕೊಂಡ ಕಾರಿನ ಪಟ್ಟಿಯಲ್ಲಿ ಮೂರು ಕೀ ಇವೆ, ನಿಮ್ಮ ಕೈಯಲ್ಲಿ ಒಂದು. ಉಳಿದ ಎರಡು ಯಾರ ಬಳಿ? ಹಿಂದಿನ ಮಾಲೀಕರ ಡ್ರಾಯರಿನಲ್ಲೋ, ಅವರ ಹಳೆಯ ಡ್ರೈವರ್ ಹತ್ತಿರವೋ, ನಡುವೆ ನಿಂತ ದಲ್ಲಾಳಿಯ ಗೂಟದಲ್ಲೋ? ಅವುಗಳಲ್ಲಿ ಯಾವುದೇ ಒಂದರಿಂದ ನಾಳೆ ಬೆಳಿಗ್ಗೆ ನಿಮ್ಮ ಗಾಡಿ ಗಾಜು ಒಡೆಯದೆ, ಸದ್ದಿಲ್ಲದೆ ಹೊರಟುಹೋಗಬಹುದು.

ಹಾಗೆ ಹೊರಟುಹೋದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಇಲ್ಲಿಯ ಹತ್ತಿ ವ್ಯಾಪಾರದ ಕುಟುಂಬವೊಂದರ ಹುಡುಗ ತುಂಬ ಆಸೆಪಟ್ಟು ಒಂದು ಹಳೆಯ ಎರಡು ಬಾಗಿಲಿನ ಕಾರು ಕೊಂಡ. ಕೀ ಒಂದೇ. ಹಿಂದಿನ ಮಾಲೀಕರ ಸಾಲ ತೀರಿಲ್ಲವೆಂಬುದು ಅವನಿಗೆ ಗೊತ್ತಿರಲಿಲ್ಲ. ಕೆಲವು ತಿಂಗಳ ನಂತರ ಬೆಳಗಾದರೆ ಅಂಗಳ ಖಾಲಿ. ಪೊಲೀಸ್ ಠಾಣೆಗೆ ಹೋದ ಮೇಲೆ ತಿಳಿಯಿತು: ಸಾಲ ವಸೂಲಿಯವರು ಎರಡನೆಯ ಕೀ ತಂದು ಗಾಡಿ ಒಯ್ದಿದ್ದರು. ಹುಡುಗನ ತಂದೆ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಕೇಳಿದ್ದು ಒಂದೇ ಮಾತು: “ನಮ್ಮ ಗಾಡಿಯ ಚಾವಿ ಅವರ ಕೈಯಲ್ಲಿ ಹೇಗೆ ಇತ್ತು?” ಕೊಂಡ ದಿನವೇ ಪಟ್ಟಿ ಅಳಿಸಿದ್ದರೆ ಆ ಕೀ ಎಂಜಿನ್ ಎಬ್ಬಿಸುತ್ತಿರಲಿಲ್ಲ. ಸಾಲದ ತಕರಾರು ಆಗಲೂ ಉಳಿಯುತ್ತಿತ್ತು, ನಿಜ. ಆದರೆ ಅದು ಹಗಲಿನಲ್ಲಿ, ಕಾಗದದ ಮುಂದೆ, ಮುಖ ನೋಡಿ ಇತ್ಯರ್ಥವಾಗುತ್ತಿತ್ತು.

ಇನ್ನೊಂದು ಸಂಗತಿ ನಿಮ್ಮಂಥವನೇ ಒಬ್ಬ ಕಲಬುರಗಿಯ ತಮ್ಮನದು. ಹಳೆಯ ಆಕ್ಟೇವಿಯಾ ಆರ್‌ಎಸ್, ಚೆನ್ನಾಗಿ ಇಟ್ಟುಕೊಂಡಿದ್ದ. ಅಜಂತಾಕ್ಕೆ ಹೋಗುವವರು ಫರ್ದಾಪುರದಲ್ಲೇ ಕಾರು ಬಿಟ್ಟು ಅಲ್ಲಿಂದ ಬಸ್ಸಿನಲ್ಲಿ ಗುಹೆಗಳಿಗೆ ಹೋಗಬೇಕು. ಹಾಗೆ ಹೋದವನು ಸಂಜೆ ಬಂದು ಜೇಬು ತಡಕಿದರೆ ಕೀ ಇಲ್ಲ. ಇದ್ದ ಒಂದೇ ಕೀ. ಚೀಲದಲ್ಲಿ ಮಾತ್ರ, ಮುಂದೆಂದಾದರೂ ಬೇಕಾದೀತೆಂದು ಅಗ್ಗಕ್ಕೆ ಕೊಂಡಿಟ್ಟ ಸೆಕೆಂಡ್ ಹ್ಯಾಂಡ್ ರಿಮೋಟು ಒಂದಿತ್ತು. ಫೋನು ಬಂದಾಗ ನಾನು ಸಲಕರಣೆ ತೆಗೆದುಕೊಂಡು ಅಜಂತಾ ಘಾಟು ಇಳಿದು ಹೋದೆ. ಓದಿ ನೋಡಿದರೆ ಆ ರಿಮೋಟಿನ ಚಿಪ್ಪು ಬೇರೆ ಯಾವುದೋ ಕಾರಿಗೆ ಬೀಗಗೊಂಡಿತ್ತು. ಬ್ಲೇಡಿನ ಹಲ್ಲು ಇನ್ನೊಂದರದು. ಗಾಡಿಯ ಜೊತೆ ಬರುವ ಕೀ ನಂಬರಿನ ಟ್ಯಾಗು ಅವನ ಬಳಿ ಇರಲಿಲ್ಲ, ಮೊದಲ ಮಾಲೀಕ ಯಾರೆಂಬುದೂ ಗೊತ್ತಿಲ್ಲ. ಜೊತೆಗೆ ಬಂದಿದ್ದ ಅವನ ತಾಯಿ “ಏನಾಯಿತಪ್ಪಾ, ಇನ್ನೂ ಎಷ್ಟು ಹೊತ್ತು?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಕೊನೆಗೆ ಗಾಡಿಯನ್ನು ಫ್ಲಾಟ್‌ಬೆಡ್ ಲಾರಿಗೆ ಹಾಕಿ ಸಂಭಾಜಿನಗರಕ್ಕೆ ಕಳಿಸಿದೆವು; ಅವರು ರಾತ್ರಿ ಬಸ್ಸಿನಲ್ಲಿ ಊರಿಗೆ ಹೋದರು. ಕೀ ಕೈಗೆ ಬರುವಷ್ಟರಲ್ಲಿ ಹಲವು ವಾರ ಕಳೆಯಿತು, ಖರ್ಚು ಉಳಿತಾಯದ ಎಷ್ಟೋ ಪಟ್ಟು ಆಯಿತು. ಒಂದು ಕೀ ಕೈಯಲ್ಲಿರುವಾಗಲೇ ಎರಡನೆಯದನ್ನು ಮಾಡಿಸುವುದು ಸುಲಭ, ಅಗ್ಗ. ಎಲ್ಲ ಕೀ ಕಳೆದ ಮೇಲೆ ಅದೇ ಕೆಲಸ ಹತ್ತು ಪಟ್ಟು ಕಠಿಣ. ದಯವಿಟ್ಟು ದೂರ ಹೋಗುವ ಮೊದಲು ಇದೊಂದನ್ನು ಮಾಡಿಸಿ.

ಕೀ ಕೊಟ್ಟ ಕಂಪನಿಯ ಗುಟ್ಟೇ ಸಾಕಷ್ಟು ರಕ್ಷಣೆ ಎಂದು ಕೆಲವರು ನಂಬಿದ್ದೀರಿ. ಅದೂ ಪೂರ್ತಿ ಸರಿಯಲ್ಲ. ಫೋಕ್ಸ್‌ವ್ಯಾಗನ್ ಬಳಗದ ಎಷ್ಟೋ ಕಾರುಗಳಲ್ಲಿದ್ದ ಮೆಗಾಮೋಸ್ ಎಂಬ ಚಿಪ್ಪಿನ ಲೆಕ್ಕಾಚಾರದಲ್ಲಿ ದೋಷವಿದೆಯೆಂದು ನೆದರ್ಲ್ಯಾಂಡ್ಸ್ ಮತ್ತು ಬ್ರಿಟನ್ನಿನ ಸಂಶೋಧಕರು 2012ರಲ್ಲೇ ಕಂಡುಕೊಂಡಿದ್ದರು. 2013ರಲ್ಲಿ ಬ್ರಿಟನ್ನಿನ ಹೈಕೋರ್ಟು ಅದರ ಪ್ರಕಟಣೆಗೆ ತಡೆ ಕೊಟ್ಟಿತು; ಪ್ರಬಂಧ ಹೊರಬಂದದ್ದು 2015ರಲ್ಲಿ, ಅದೂ ಒಂದು ವಾಕ್ಯ ಕೈಬಿಟ್ಟ ಮೇಲೆ. 2016ರಲ್ಲಿ ಇನ್ನೊಂದು ಅಧ್ಯಯನ, 1995ರಿಂದ ಈ ಬಳಗ ಮಾರಿದ ಸುಮಾರು 10 ಕೋಟಿ ಕಾರುಗಳ ರಿಮೋಟನ್ನು ಗಾಳಿಯಲ್ಲಿ ಹಿಡಿದು ನಕಲು ಮಾಡಲು ಸಾಧ್ಯವೆಂದು ತೋರಿಸಿತು. ಹೆದರಿಸಲು ಹೇಳುತ್ತಿಲ್ಲ. ಹಳೆಯ ಗಾಡಿ ಪ್ರೀತಿಸುವವರು ಅದಕ್ಕೊಂದು ಗಟ್ಟಿ ಸ್ಟಿಯರಿಂಗ್ ಲಾಕೂ ಹಾಕಿ, ಲ್ಯಾಪ್‌ಟಾಪು ಒಳಗೆ ಬಿಡಬೇಡಿ ಎಂದಷ್ಟೇ ನನ್ನ ಕೋರಿಕೆ.

ಈಗ ಕಾಗದದ ವಿಷಯ. ಹಳೆಯ ಗಾಡಿ ಕೊಳ್ಳುವಾಗ ನೀವು ಫಾರಂ 29, ಫಾರಂ 30 ಎಂದು ಓಡಾಡುತ್ತೀರಿ. ಇಲ್ಲಿಯ ಎಂಎಚ್-20 ನಂಬರಿನ ಗಾಡಿ ಕರ್ನಾಟಕಕ್ಕೆ ಒಯ್ಯುವವರು ಫಾರಂ 28ರ ಎನ್‌ಒಸಿಗೆ ಆರ್‌ಟಿಓ ಮೆಟ್ಟಿಲು ಹತ್ತುತ್ತೀರಿ. ಆರ್‌ಸಿ ಕೊಟ್ಟೆ, ವಿಮೆಯ ಪತ್ರ ಕೊಟ್ಟೆ ಎಂದು ಮಾರುವವರು ಸಹಿ ಹಾಕುತ್ತಾರೆ. ಆದರೆ ಎಷ್ಟು ಕೀ ಕೊಟ್ಟೆ ಎಂದು ಬರೆಯಲು ಆ ಫಾರಂಗಳಲ್ಲಿ ಒಂದು ಕಾಲಂ ಇಲ್ಲ. 2023ರ ಏಪ್ರಿಲ್‌ನಿಂದ ಹಳೆಯ ವಾಹನದ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ, ಒಳ್ಳೆಯದೇ. ಕೀಯ ಲೆಕ್ಕ ಮಾತ್ರ ಕೊಳ್ಳುವವರೇ ಇಟ್ಟುಕೊಳ್ಳಬೇಕು. ಗಾಡಿ ಪಡೆದ ರಶೀದಿಯಲ್ಲಿ ಒಂದು ಸಾಲು ನೀವೇ ಸೇರಿಸಿ: ಇಷ್ಟು ಕೀ, ಇಷ್ಟು ರಿಮೋಟು, ಕೀ ನಂಬರಿನ ಟ್ಯಾಗು ಇದೆ ಅಥವಾ ಇಲ್ಲ, ಇನ್ನಾವ ಕೀಯೂ ನನ್ನ ಬಳಿ ಇಲ್ಲ ಎಂದು ಮಾರುವವರ ಸಹಿ. ಕಾರು ಕಳುವಾದಾಗ ವಿಮೆ ಕಂಪನಿ ಮೊದಲು ಕೇಳುವುದು ಎರಡೂ ಅಸಲಿ ಕೀ. ಒಂದೇ ಕೊಟ್ಟರೆ, ಇನ್ನೊಂದು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ, ನ್ಯಾಯವಾದ ಪರಿಹಾರವೂ ತಿಂಗಳುಗಟ್ಟಲೆ ತೂಗಾಡುತ್ತದೆ. ಆದ್ದರಿಂದ ಕೀ ಕಳೆದರೆ ಸುಮ್ಮನಿರಬೇಡಿ. ಪೊಲೀಸರಲ್ಲಿ ಕಳೆದ ವಸ್ತುವಿನ ದೂರು ದಾಖಲಿಸಿ, ಕರ್ನಾಟಕದಲ್ಲಿ ಇ-ಲಾಸ್ಟ್ ಮೂಲಕವೂ ಆಗುತ್ತದೆ. ವಿಮೆಯವರಿಗೆ ಬರಹದಲ್ಲಿ ತಿಳಿಸಿ. ಹೊಸ ಕೀ ಮಾಡಿಸಿದ ಬಿಲ್ಲು ಜೋಪಾನವಾಗಿಡಿ. ಗಾಡಿಯ ಮೇಲೆ ಸಾಲ ಉಳಿದಿದೆಯೇ ಎಂಬುದು ಎಂಪರಿವಾಹನ್ ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ಕಳವಿನ ಗಾಡಿಯಲ್ಲವೆಂಬ ಖಾತರಿಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಸೇವೆ ಇದೆ. ಮುಂಗಡ ಕೊಡುವ ಮೊದಲು ಈ ಎರಡನ್ನೂ ನೋಡಿ.

ಮಾರುವವರಿಗೂ, ಅಂದರೆ ನಾಳೆ ಇದೇ ಗಾಡಿ ಮಾರಲಿರುವ ನಿಮಗೂ, ಒಂದು ಮಾತು. ಹಳೆಯ ಕೀಯನ್ನು ನೆನಪಿಗೆಂದು ಇಟ್ಟುಕೊಳ್ಳಬೇಡಿ. ಪ್ರೀತಿಯ ಗಾಡಿ, ಮೊದಲ ಗಾಡಿ, ಅರ್ಥವಾಗುತ್ತದೆ. ಆದರೆ ಆ ಗಾಡಿ ಕಾಣೆಯಾದ ದಿನ ನಿಮ್ಮ ಡ್ರಾಯರಿನಲ್ಲಿರುವ ಕೀ ನಿಮ್ಮನ್ನೇ ಠಾಣೆಗೆ ಕರೆಸೀತು. ಗುಜರಿಗೆ ಹಾಕುವಾಗಲೂ ಕೀಯನ್ನು ಗಾಡಿಯ ಜೊತೆ ತೂಗಿಸಿಬಿಡಬೇಡಿ. ಚಿಪ್ಪು ಒಡೆದು ಕೊಡಿ. ಇಂಥ ಕೀಗಳೇ ಪೇಟೆಗೆ ಬಂದು ಇನ್ನೊಬ್ಬನ ಚೀಲ ಸೇರುವುದು.

ಕೊನೆಯದಾಗಿ ನನ್ನ ಕಸುಬಿನವರ ಪರವಾಗಿ ಒಂದು ಬೇಡಿಕೆ. ಕೀ ಮಾಡಿಸಲು ಬಂದಾಗ ನಾವು ಆರ್‌ಸಿ, ಗುರುತಿನ ಚೀಟಿ, ಗಾಡಿ ಮೂರನ್ನೂ ಎದುರಿಗೆ ಕೇಳುತ್ತೇವೆ. ಸಿಟ್ಟಾಗಬೇಡಿ. ಕತ್ತಲಾಗುವ ಹೊತ್ತಿಗೆ ಬಂದು, ಬರಿಯ ರಿಮೋಟು ಮುಂದಿಟ್ಟು, “ಗಾಡಿ ಊರಲ್ಲಿದೆ, ಕೋಡ್ ತೆಗೆದು ಕೊಡಿ, ಎಷ್ಟಾದರೂ ಕೊಡ್ತೇವೆ” ಎಂದವರನ್ನು ನಾನು ವಾಪಸು ಕಳಿಸಿದ್ದೇನೆ, ಮುಂದೆಯೂ ಕಳಿಸುತ್ತೇನೆ. ಕಳವಿನ ಮಾಲೆಂದು ತಿಳಿದೂ ಇಟ್ಟುಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಶಿಕ್ಷೆ ವಿಧಿಸುತ್ತದೆ. ನೀವಾಗಲೀ ನಾವಾಗಲೀ ಅದರ ಹತ್ತಿರ ಸುಳಿಯುವುದು ಬೇಡ. ಕಾಗದ ಕೇಳದೆ ಕೀ ಮಾಡಿಕೊಡುವ ಅಂಗಡಿ ನಿಮಗೆ ಇಂದು ಅನುಕೂಲ ಮಾಡಿದರೆ, ನಾಳೆ ನಿಮ್ಮ ಗಾಡಿಯ ಕೀಯನ್ನೂ ಇನ್ನಾರಿಗೋ ಹಾಗೆಯೇ ಮಾಡಿಕೊಟ್ಟೀತು. ಅಂಥಲ್ಲಿಗೆ ಹೋಗಬೇಡಿ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿ, ಮುಗಿದ ಮೇಲೆ ಪಟ್ಟಿಯಲ್ಲಿ ಎಷ್ಟು ಕೀ ಇವೆ ಎಂದು ಸ್ಕ್ಯಾನರಿನ ಪರದೆಯಲ್ಲಿ ತೋರಿಸಲು ಹೇಳಿ, ಅದರ ಫೋಟೋ ತೆಗೆದುಕೊಳ್ಳಿ. ಗಾಡಿಯ ಕೋಡನ್ನು ಬರೆದು ಮನೆಯ ಕಾಗದಗಳ ಜೊತೆ ಇಡಿ. ಗ್ಲೋವ್ ಬಾಕ್ಸಿನಲ್ಲಿ ಬೇಡ.

ಗಾಡಿ ಕೊಂಡು ಆಗಲೇ ಓಡಿಸುತ್ತಿರುವವರು ಈ ವಾರವೇ ನಿಮ್ಮ ಊರಿನ ಬಲ್ಲ ಎಲೆಕ್ಟ್ರಿಶಿಯನ್ ಹತ್ತಿರ ಹೋಗಿ ಕೀಗಳ ಎಣಿಕೆ ಓದಿಸಿ. ಕೈಯಲ್ಲಿರುವುದಕ್ಕೂ ಪರದೆಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಅಂದೇ ಅಳಿಸಿ ಹೊಸದಾಗಿ ಬರೆಸಿ. ಬೀದರಿನಿಂದ ಬಳ್ಳಾರಿಯವರೆಗೆ ಈ ಕೆಲಸ ಬಲ್ಲವರಿದ್ದಾರೆ. ಅದಕ್ಕಾಗಿ ನೀವು ಸಿಲ್ಲೋಡಿಗೇ ಬರಬೇಕಿಲ್ಲ. ಅಜಂತಾ ನೋಡಲು ಬಂದರೆ ಮಾತ್ರ ಖಂಡಿತ ನಿಲ್ಲಿ, ಎಣಿಕೆ ಓದಿಕೊಡಲು ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಆರ್‌ಸಿ ಮತ್ತು ಮನೆಯಲ್ಲಿರುವ ಎಲ್ಲ ಕೀಗಳನ್ನೂ ಜೊತೆಗೆ ತನ್ನಿ.

ಇತಿ ನಿಮ್ಮ ಹಿತೈಷಿ,
ಸಿಲ್ಲೋಡಿನ ಒಬ್ಬ ಆಟೋ ಎಲೆಕ್ಟ್ರಿಶಿಯನ್
ಸಿಲ್ಲೋಡ್, ಛತ್ರಪತಿ ಸಂಭಾಜಿನಗರ ಜಿಲ್ಲೆ, ಮಹಾರಾಷ್ಟ್ರ